ನೋಡಲು ಯೋಗ್ಯತೆ ಬೇಕೆ?

 

ಇಂದಿನ ಚಿಂತನೆಯ ಸರದಿ ನನ್ನದು. ಒಂದು ಜಲಪಾತದಿಂದ ಶುರು ಮಾಡುತ್ತೇನೆ.

ಎರಡು ವರ್ಷದ ಹಿಂದೆ ತಂಗಿಯ ಬಾಣಂತನಕ್ಕೆಂದು ಅಮ್ಮನನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಬಿಟ್ಟುಬರಲು ಹೋಗಿದ್ದೆ. ಮಾರ್ಚ್ ಮೂರನೇ ವಾರ. ನಾನಿದ್ದದ್ದು ಹತ್ತೇ ದಿನ. ಒಂದು ಭಾನುವಾರ ತಂಗಿಯ ಗಂಡ, "ಬನ್ನಿ ಭಾವ, ನಿಮ್ಮ ವರ್ಡ್ಸ್‌ವರ್ತ್ ಊರು ತೋರಿಸ್ತೀನಿ" ಅಂತ ಉತ್ತರದ ಲೇಕ್ ಡಿಸ್ಟ್ರಿಕ್ಟಿಗೆ ಕಾರಿನಲ್ಲಿ ಕರೆದೊಯ್ದ. ಎಂ.ಎ.ಯಲ್ಲಿ ನವೋದಯ ಕಾವ್ಯ ಓದಿದವರಿಗೆ ಆ ಹೆಸರು ಮನೆಯ ಹಿರಿಯರ ಹೆಸರಿನಷ್ಟೇ ಪರಿಚಿತ. ಕೆರೆಗಿಂತ ದೊಡ್ಡದಾದ, ಉದ್ದುದ್ದ ಸರೋವರಗಳು, ಅವುಗಳ ಬೆನ್ನಿಗೇ ಬೆಟ್ಟ. ಅಲ್ಸ್‌ವಾಟರ್ ಎಂಬ ಸರೋವರದ ದಂಡೆಯಿಂದ ಏರಾ ಫೋರ್ಸ್ ಎಂಬ ಜಲಪಾತಕ್ಕೆ ನಡೆದು ಹತ್ತಬೇಕು. ಆ ಸೀಮೆಯಲ್ಲಿ ಜಲಪಾತಕ್ಕೆ 'ಫೋರ್ಸ್' ಅನ್ನುತ್ತಾರೆ. ಶಕ್ತಿ ಎಂಬ ಅರ್ಥದ ಇಂಗ್ಲಿಷ್ ಪದ ಅದಲ್ಲ. ಸುಮಾರು ಸಾವಿರ ವರ್ಷದ ಹಿಂದೆ ಅಲ್ಲಿ ಬಂದು ನೆಲೆಸಿದ ನಾರ್ಸ್ ಜನರ ಮಾತಿನಲ್ಲಿ ನೀರು ಬೀಳುವ ಜಾಗಕ್ಕಿದ್ದ ಹೆಸರು. ನಮ್ಮ ಮಲೆನಾಡಿನ 'ಅಬ್ಬಿ' ಇದ್ದ ಹಾಗೆ.

ನಮ್ಮಲ್ಲಿ ಮಾರ್ಚ್ ಎಂದರೆ ಅಬ್ಬಿಗಳು ಸೊರಗುವ ಕಾಲ. ಅಲ್ಲಿ ಉಲ್ಟಾ. ಚಳಿಗಾಲವೆಲ್ಲ ಬಿದ್ದ ಮಳೆಯ ನೀರು ಇಳಿದು ಬರುತ್ತಿರುತ್ತದೆ, ಮರಗಳಿಗೆ ಇನ್ನೂ ಎಲೆ ಬಂದಿರುವುದಿಲ್ಲ. ಹಾಗಾಗಿ ಬರಿ ಕೊಂಬೆಗಳ ನಡುವಿನಿಂದ ನೀರು ದೂರದಿಂದಲೇ ಕಾಣುತ್ತದೆ. ಎತ್ತರ ಸುಮಾರು 65 ಅಡಿ, ಅಷ್ಟೇ. ಮೇಲೊಂದು ಕೆಳಗೊಂದು ಕಲ್ಲಿನ ಸೇತುವೆ. ಜೋಗ ನೋಡಿದ ಕಣ್ಣಿಗೆ ಏನೂ ಅಲ್ಲ ಅಂದುಕೊಂಡೇ ಹತ್ತಿದೆ. ಆದರೆ ಕೆಳಗಿನ ಸೇತುವೆಯ ಮೇಲೆ ನಿಂತಾಗ ಮಾತು ಬರಲಿಲ್ಲ. ಒದ್ದೆ ಪಾಚಿಯ ವಾಸನೆ, ಮುಖಕ್ಕೆ ತಣ್ಣನೆ ಹನಿ. ಹತ್ತು ನಿಮಿಷ ಸುಮ್ಮನೆ ನಿಂತಿದ್ದೆ.

ಅಷ್ಟರಲ್ಲಿ ಒಂದು ದೊಡ್ಡ ಗುಂಪು ಬಂತು. ನಮ್ಮ ಕಡೆಯ ಮುಖಗಳೇ. ಅಜ್ಜಿಯರು, ಮಕ್ಕಳು, ಕೈಯಲ್ಲಿ ಸ್ಟೀಲ್ ಡಬ್ಬಿ, ಮೊಬೈಲಿನಲ್ಲಿ ಜೋರು ಹಾಡು. ದಾರಿಯ ಪಕ್ಕ ಬಿದ್ದ ಮರದ ದಿಮ್ಮಿಗಳಿಗೆ ಜನ ಹರಕೆ ಹೊತ್ತಂತೆ ನಾಣ್ಯ ಹೊಡೆದು ಕೂರಿಸಿರುತ್ತಾರೆ. ಅವರ ಹುಡುಗರೂ ಕಲ್ಲು ತಗೊಂಡು ಟಕಟಕ ಶುರು ಮಾಡಿದರು. ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. 'ಇಂಥ ಜಾಗಕ್ಕೆ ಬರುವ ಯೋಗ್ಯತೆ ಇವರಿಗಿಲ್ಲ.' ಇದೇ ಮಾತು, ಇದೇ ಪದಗಳಲ್ಲಿ ಮನಸ್ಸಿಗೆ ಬಂತು.

ಅಂದು ರಾತ್ರಿ ಅಲ್ಲಿನ ಅಂಗಡಿಯಲ್ಲಿ ಕೊಂಡ ಸಣ್ಣ ಪುಸ್ತಕ ಓದುತ್ತಿದ್ದೆ. 1844ರಲ್ಲಿ ಆ ಸೀಮೆಯ ವಿಂಡರ್‌ಮಿಯರ್‌ಗೆ ರೈಲು ತರುವ ಯೋಜನೆ ಬಂದಾಗ ವರ್ಡ್ಸ್‌ವರ್ತ್ ವಿರೋಧಿಸಿದ್ದರು. ಆಗ ಅವರಿಗೆ 74 ವರ್ಷ, ಆಸ್ಥಾನಕವಿ. ಒಂದು ಸಾನೆಟ್ ಬರೆದರು, ಪತ್ರಿಕೆಗೆ ಪತ್ರಗಳನ್ನೂ ಬರೆದರು. ಬೆಟ್ಟ ಸರೋವರಗಳನ್ನು ಸವಿಯುವ ರುಚಿ ಹುಟ್ಟಿನಿಂದ ಬರುವುದಲ್ಲ, ನಿಧಾನವಾಗಿ ಬೆಳೆಸಿಕೊಳ್ಳಬೇಕಾದ್ದು. ಗಿರಣಿ ಕೆಲಸಗಾರರನ್ನು ಹಿಂಡುಹಿಂಡಾಗಿ ರೈಲಿನಲ್ಲಿ ಇಲ್ಲಿಗೆ ತಂದು ಇಳಿಸಿದರೆ ಅವರಿಗೂ ಪ್ರಯೋಜನವಿಲ್ಲ, ಅವರು ತಮ್ಮ ಊರಿನ ಹತ್ತಿರದ ಹೊಲಗದ್ದೆಗಳಲ್ಲೇ ಅಡ್ಡಾಡುವುದು ಒಳ್ಳೆಯದು ಎಂಬ ಧಾಟಿ. ಬಡವರ ಬದುಕನ್ನು, ಆಡುಮಾತನ್ನು ಕಾವ್ಯಕ್ಕೆ ತಂದ ಕವಿ! ಇಡೀ ಪ್ರದೇಶ ಕಣ್ಣು ಹೃದಯ ಇರುವ ಪ್ರತಿಯೊಬ್ಬರಿಗೂ ಸೇರಿದ ರಾಷ್ಟ್ರದ ಸ್ವತ್ತಿದ್ದಂತೆ ಎಂದು ತಮ್ಮ ಮಾರ್ಗದರ್ಶಿ ಪುಸ್ತಕದಲ್ಲಿ ಬರೆದವರೂ ಅವರೇ. ಕಣ್ಣು ಇದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡುವವರು ಯಾರು? 1847ರಲ್ಲಿ ರೈಲು ಬಂದೇ ಬಂತು, ಬಿಡಿ.

ಪುಸ್ತಕ ಮುಚ್ಚಿಟ್ಟೆ. ನಿದ್ದೆ ಬರಲಿಲ್ಲ. ಕವಿಯನ್ನು ಬೈಯುವಷ್ಟು ಸ್ವಚ್ಛ ನಾನಲ್ಲ.

ನಮ್ಮದು ಬಯಲುಸೀಮೆಯ ಶಾಲೆ. ಕೆಲವು ವರ್ಷಗಳ ಹಿಂದೆ, ಒಳ್ಳೆ ಮಳೆಯಾದ ವರ್ಷ, ದಸರಾ ರಜೆಗೆ ಮುಂಚೆ ಜೋಗಕ್ಕೆ ಪ್ರವಾಸ ಹೊರಟೆವು. ಒಂದೇ ಬಸ್ಸು, ಮಕ್ಕಳು ಹೆಚ್ಚು. ಪಟ್ಟಿ ಮಾಡುವ ಕೆಲಸ ನನಗೆ ಬಂತು. ಕನ್ನಡದಲ್ಲಿ ಒಳ್ಳೆ ಅಂಕ ತೆಗೆದವರು, ಬಂದ ಮೇಲೆ ಪ್ರಬಂಧ ಬರೆಯಬಲ್ಲವರು ಇರಲಿ, ಹಿಂದಿನ ಬೆಂಚಿನ ಗಲಾಟೆಯವರು ಬೇಡ ಅಂದೆ. ಯಾರೂ ತಕರಾರು ಮಾಡಲಿಲ್ಲ. ಬಿಟ್ಟುಹೋದವರಲ್ಲಿ ಹೆಚ್ಚಿನವರು ಒಂದೇ ಕೇರಿಯವರು ಅನ್ನುವುದನ್ನು ನಾನು ಗಮನಿಸಲಿಲ್ಲ. ಗಮನಿಸಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ನಾನೂ ಅಂಥದೇ ಕೇರಿಯಿಂದ ಓದಿ ಬಂದವನು, ನೀವೆಲ್ಲ ಬಲ್ಲಿರಿ.

ಹೋಗಿಬಂದವರ ಪ್ರಬಂಧಗಳೆಲ್ಲ ಒಂದೇ ಥರ ಇದ್ದವು. 'ಪ್ರಕೃತಿಯ ರಮಣೀಯ ತಾಣ' ಎಂಬಲ್ಲಿಂದ ಶುರು. ಸೋಮವಾರ ಊಟದ ಬಿಡುವಿನಲ್ಲಿ ಬಿಟ್ಟುಹೋದ ಹುಡುಗನೊಬ್ಬ ಬಂದು ಕೇಳಿದ: "ಸಾರ್, ಅಷ್ಟು ಮೇಲಿಂದ ಬೀಳೋವಾಗ ಸೌಂಡು ಹೆಂಗಿರುತ್ತೆ? ಪಕ್ಕದಲ್ಲಿರೋರು ಮಾತಾಡಿದ್ರೆ ಕೇಳ್ಸುತ್ತಾ?" ನಾನು ಏನೋ ಹೇಳಿ ಕಳಿಸಿದೆ. ನಲವತ್ತು ಪ್ರಬಂಧದಲ್ಲಿ ಒಂದರಲ್ಲೂ ಸದ್ದಿನ ಮಾತಿರಲಿಲ್ಲ.

ಪ್ರತಿ ಮಾರ್ಚ್ 20ಕ್ಕೆ ನಮ್ಮ ಬಳಗದಲ್ಲಿ ಮಹಾಡ್ ನೆನೆಯುತ್ತೇವೆ. 1927ರಲ್ಲಿ ಬಾಬಾಸಾಹೇಬರು ಜನರೊಂದಿಗೆ ನಡೆದುಹೋಗಿ ಚವದಾರ್ ಕೆರೆಯ ನೀರು ಮುಟ್ಟಿದ ದಿನ. ಆ ದಿನದ ಭಾಷಣ ನಾನೇ ಎಷ್ಟೋ ಸಲ ಮಾಡಿದ್ದೇನೆ. ಕುಡಿಯುವ ನೀರು ತಡೆದದ್ದಕ್ಕೂ ಶಾಲೆಯ ಪ್ರವಾಸ ತಪ್ಪಿಸಿದ್ದಕ್ಕೂ ಹೋಲಿಕೆ ಅತಿಯಾಯಿತು, ಒಪ್ಪುತ್ತೇನೆ. ಆದರೆ 'ಯೋಗ್ಯತೆ' ಎಂಬ ಪದ ಎರಡೂ ಕಡೆ ಒಂದೇ.

ಇಲ್ಲಿ ಅರಿಯಪರಿಯೇಸನ ಸುತ್ತ ನೆನಪಾಗುತ್ತದೆ. ಬೋಧಿಯಾದ ಮೇಲೆ ಭಗವಾನರಿಗೂ ಹಿಂಜರಿಕೆ ಬಂದಿತ್ತು: ಈ ಧಮ್ಮ ಆಳವಾದದ್ದು, ಜನ ಅಂಟಿಕೊಳ್ಳುವುದರಲ್ಲೇ ಸುಖ ಕಾಣುವವರು, ಹೇಳಿ ದಣಿವು ಮಾತ್ರ. ಆಗ ಬ್ರಹ್ಮ ಸಹಂಪತಿ ಬಂದು, ಕಣ್ಣಲ್ಲಿ ಕಡಿಮೆ ಧೂಳಿರುವವರೂ ಇದ್ದಾರೆ ಎಂದು ಬೇಡಿಕೊಂಡ. ಬುದ್ಧ ಕರುಣೆಯಿಂದ ಲೋಕವನ್ನು ನೋಡಿದರು. ನೀರೊಳಗೇ ಇರುವ ತಾವರೆ, ನೀರಿನ ಮಟ್ಟಕ್ಕೆ ಬಂದದ್ದು, ಮೇಲೆದ್ದು ನಿಂತದ್ದು. ಎಲ್ಲವೂ ಒಂದೇ ಕೊಳದಲ್ಲಿ. ನೋಡಿದ ಮೇಲೆ ಬಾಗಿಲು ತೆರೆದರು. ನಾನು ಅಂಕಪಟ್ಟಿ ನೋಡಿದೆ, ಮಕ್ಕಳನ್ನು ನೋಡಲಿಲ್ಲ.

ಒಂದು ತೊಡಕು ಇದ್ದೇ ಇದೆ. ಯಾರಿಗೆ ಮೊದಲು ಹೇಳಲಿ ಎಂದು ಬುದ್ಧರೂ ಯೋಚಿಸಿದ್ದು ಬೇಗ ಗ್ರಹಿಸಬಲ್ಲ ತಮ್ಮ ಹಳೆಯ ಗುರುಗಳನ್ನೇ; ಅವರು ತೀರಿಕೊಂಡಿದ್ದರು. ಅಂದರೆ ಮೊದಲು ಯಾರು, ಆಮೇಲೆ ಯಾರು ಎಂಬ ಲೆಕ್ಕ ಹಾಕುವುದು ತಪ್ಪಲ್ಲವೇನೋ. ವರ್ಡ್ಸ್‌ವರ್ತ್ ಭಯವೂ ಪೂರ್ತಿ ಸುಳ್ಳಲ್ಲ. ಜನ ಹೆಚ್ಚಾದಲ್ಲಿ ದಾರಿ ಸವೆಯುತ್ತದೆ, ಪ್ಲಾಸ್ಟಿಕ್ ಬೀಳುತ್ತದೆ, ನಮ್ಮ ಅಬ್ಬಿಗಳನ್ನೇ ನೋಡಿದರೆ ಸಾಕು. ಆದರೆ ಆ ಗುಂಪಿನ ಅಜ್ಜಿಯೊಬ್ಬರು ಅಂದು ಸೇತುವೆಯ ಕಲ್ಲು ಹಿಡಿದು ಬಹಳ ಹೊತ್ತು ನಿಂತಿದ್ದರು. ಅವರ ಪಕ್ಕ ಹಾಡು ನಡೆದೇ ಇತ್ತು. ಅವರು ಏನು ಕಂಡರೋ ನನಗೇನು ಗೊತ್ತು.

ಈ ವರ್ಷದ ಪ್ರವಾಸಕ್ಕೂ ಒಂದೇ ಬಸ್ಸು, 45 ಸೀಟು. ಮಕ್ಕಳು 61. ಪಟ್ಟಿ ಮತ್ತೆ ನನ್ನ ಮೇಜಿನ ಮೇಲಿದೆ, ಇನ್ನೂ ಒಂದು ಹೆಸರೂ ಬರೆದಿಲ್ಲ. ಕಡಿಮೆ ಬಾಡಿಗೆಗೆ ಇನ್ನೊಂದು ಸಣ್ಣ ಗಾಡಿ ಕೊಡುವವರು ಯಾರಾದರೂ ನಿಮಗೆ ಗೊತ್ತಿದ್ದರೆ ಗುಂಪಿನಲ್ಲೇ ತಿಳಿಸಿ, ಶುಕ್ರವಾರದೊಳಗೆ ಹೇಳಬೇಕಾಗಿದೆ.

ಭವತು ಸಬ್ಬ ಮಂಗಲಂ.