ಗೋಪುರದಲ್ಲಿ ಹಕ್ಕಿಗೂಡು ಮೈಲಿಗೆಯೇ?

ಶಿವಗಂಗೆಯ ಮೆಟ್ಟಿಲು ಹತ್ತಿ ದರ್ಶನ ಮುಗಿಸಿದ ಭಕ್ತಾದಿಗಳಲ್ಲಿ ಕೆಲವರು ಆಫೀಸಿನ ಹತ್ತಿರ ಬಂದು ಕೇಳುವುದುಂಟು: "ಸ್ವಾಮಿ, ಗೋಪುರದ ಸಂದಿಯಲ್ಲಿ ಹಕ್ಕಿ ಗೂಡು ಕಟ್ಟಿದೆ, ಕೆಳಗೆಲ್ಲ ಹಿಕ್ಕೆ. ದೇವಸ್ಥಾನ ಅಂದ್ಮೇಲೆ ಶುದ್ಧ ಇರಬೇಡವೆ? ತೆಗೆಸಬಾರದೆ?"

ಕೇಳುವುದರಲ್ಲಿ ತಪ್ಪಿಲ್ಲ. ಹಿಕ್ಕೆಯಿಂದ ಕಲ್ಲು ಕೆಡುತ್ತದೆ. ಅದರೊಳಗಿನ ಅರಳಿಬೀಜ ಸಂದಿಯಲ್ಲಿ ಮೊಳೆತರೆ ಬೇರು ಗೋಪುರವನ್ನೇ ಸೀಳುತ್ತದೆ. ಆದರೆ ಗೂಡು ತೆಗೆಯುವುದು ಕಸ ಗುಡಿಸಿದ ಹಾಗಲ್ಲ, ಅದರೊಳಗೆ ಜೀವ ಇರುತ್ತದೆ. ಹಾಗಾದರೆ ಯಾವುದು ದೊಡ್ಡದು, ಮಡಿಯೋ ದಯೆಯೋ?

ಹಳೇ ದೇವಸ್ಥಾನಗಳ ಗೋಪುರದ ಸುತ್ತ ಸಂಜೆ ಹೊತ್ತು ಕೀರಲು ದನಿಯಲ್ಲಿ ಕೂಗುತ್ತಾ ಗುಂಪಾಗಿ ಸುತ್ತುವ ಸಣ್ಣ ಕಪ್ಪು ಹಕ್ಕಿಗಳನ್ನು ತಾವು ನೋಡಿರಬಹುದು. ಸೊಂಟದ ಮೇಲೆ ಬಿಳಿ ಪಟ್ಟಿ ಇರುತ್ತದೆ. ಇಂಗ್ಲಿಷಿನಲ್ಲಿ ಸ್ವಿಫ್ಟ್ ಅಂತಾರೆ. ಇದರ ಕಾಲು ತೀರಾ ಗಿಡ್ಡ. ಬೇರೆ ಹಕ್ಕಿಗಳಂತೆ ಕೊಂಬೆ ಮೇಲೆ ಕೂರಲಾರದು, ಗೋಡೆಗೆ ಉಗುರು ಸಿಕ್ಕಿಸಿ ನೇತಾಡಬಲ್ಲದು ಅಷ್ಟೆ. ಗಾಳಿಯಲ್ಲಿ ತೇಲಿ ಬರುವ ಪುಕ್ಕ, ಹುಲ್ಲೆಳೆಗಳನ್ನು ಹಾರುತ್ತಲೇ ಹಿಡಿದು, ತನ್ನ ಎಂಜಲಿನಿಂದ ಅಂಟಿಸಿ ಗೂಡು ಮಾಡುತ್ತದೆ. ಅದಕ್ಕೆ ಮರ ಆಗುವುದಿಲ್ಲ, ಎತ್ತರದ ಗೋಡೆಯೇ ಬೇಕು. ಗೋಪುರಕ್ಕೆ ಬರುವುದು ಅದರ ಉದ್ಧಟತನವಲ್ಲ, ಅಗತ್ಯ.

ಎಂಜಲಿನ ಗೂಡು ದೇವರ ಮನೆಯಲ್ಲಿ ಇರಬಹುದೇ ಎಂದರೆ, ಬೇಡರ ಕಣ್ಣಪ್ಪನನ್ನು ನೆನೆಯಿರಿ. ಬಾಯಲ್ಲಿ ತಂದ ನೀರಿನ ಅಭಿಷೇಕವನ್ನೂ ರುಚಿ ನೋಡಿದ ಮಾಂಸವನ್ನೂ ಒಪ್ಪಿದ ಶಿವ, ಮರಿಗಾಗಿ ಹಚ್ಚಿದ ಎಂಜಲನ್ನು ಒಪ್ಪದೆ ಇರುತ್ತಾನೆಯೇ?

ಮನುಷ್ಯರೂ ಒಪ್ಪಿದ ಉದಾಹರಣೆ ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಕಾಡು ಬಿಟ್ಟು ಊರೊಳಗಿನ ಹುಣಸೆ ಮರ, ಅರಳಿ ಮರಗಳಲ್ಲಿ ಗೂಡು ಕಟ್ಟುತ್ತವೆ. ಮೀನಿನ ವಾಸನೆ, ಗಲಾಟೆ, ಹುಣಸೆ ಫಸಲಿನ ನಷ್ಟ ಎಲ್ಲ ಇದ್ದರೂ ಊರಿನವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಮಗಳಂತೆ ಕಂಡರು, ಹಿಕ್ಕೆಯನ್ನು ಗೊಬ್ಬರ ಮಾಡಿಕೊಂಡರು. ಸರ್ಕಾರ 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶ ಎಂದು ಸಾರಿತು.

2007ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ರಾಮನಗರದ ರಾಮದೇವರ ಬೆಟ್ಟದಲ್ಲಿ ಬಂಡೆಯ ಅಂಚೇ ರಣಹದ್ದಿನ ಗೂಡು. ಮನೆ ಮೇಲೆ ಹದ್ದು ಕೂತರೆ ಅಪಶಕುನ ಅನ್ನುವ ನಾವು, ಜಟಾಯುವಿಗೆ ಶ್ರೀರಾಮನೇ ಸಂಸ್ಕಾರ ಮಾಡಿದ್ದನ್ನು ಮರೆಯುತ್ತೇವೆ. ಅದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಸತ್ತ ದನದ ಮಾಂಸದಿಂದ ಹೊಟ್ಟೆ ಸೇರಿ ದೇಶದ ಉದ್ದಗಲಕ್ಕೂ ರಣಹದ್ದುಗಳು ಸತ್ತವು. 2006ರಲ್ಲಿ ಪಶುಗಳಿಗೆ ಆ ಔಷಧಿ ನಿಷೇಧವಾಯಿತು. 2012ರಲ್ಲಿ ಬೆಟ್ಟ ರಣಹದ್ದು ಧಾಮವಾಯಿತು. ಅಷ್ಟರಲ್ಲಿ ಅಲ್ಲಿ ಉಳಿದದ್ದು ಬೆರಳೆಣಿಕೆಯಷ್ಟೆ. ಕಳೆದ ಮೇಲೆ ಕಾಯುವುದು ಎಷ್ಟು ಕಷ್ಟ ನೋಡಿ.

ಹಾಗಂತ ಗೋಪುರವನ್ನು ಹಾಳುಬಿಡಿ ಎಂದಲ್ಲ. ಗೂಡು ಕಟ್ಟುವ ಮುಂಚೆ ಸಂದಿ ಮುಚ್ಚಬಹುದು. ಮರಿ ಹಾರಿದ ಮೇಲೆ ತೊಳೆಯಬಹುದು, ಅರಳಿಸಸಿ ಕೀಳಬಹುದು. ಮೊಟ್ಟೆ ಮರಿ ಇರುವಾಗ ಮಾತ್ರ ಕೈ ಹಾಕಬಾರದು. 1972ರ ವನ್ಯಜೀವಿ ಕಾಯಿದೆ ಬೇಟೆ ಎಂಬ ಮಾತಿನೊಳಗೆ ಕಾಡುಹಕ್ಕಿಗಳ ಮೊಟ್ಟೆ, ಗೂಡು ಕೆಡಿಸುವುದನ್ನೂ ಸೇರಿಸಿದೆ. ಕುಂಭಾಭಿಷೇಕದ ಮುಹೂರ್ತ ಗೊತ್ತಾಗಿ, ಸಾರ್ವೆ ಕಟ್ಟಿದ ಮೇಲೆ ಮರಿ ಕಂಡರೆ? ಉಳಿದದ್ದಕ್ಕೆಲ್ಲ ಬಣ್ಣ ಬಳಿದು ಆ ಒಂದು ಮೊಳ ಬಿಟ್ಟುಬಿಡಲಿ. ಬಣ್ಣ ಇಲ್ಲದ ಒಂದು ಮೊಳವನ್ನು ದೇವರು ಲೋಪ ಎಂದು ಎಣಿಸುವುದಿಲ್ಲ. ದಯೆ ಇಲ್ಲದ ಮಡಿ ಬರೀ ತೊಳೆದ ಕಲ್ಲು.

ಭಕ್ತಾದಿಗಳಲ್ಲಿ ಒಂದು ವಿನಂತಿ. ಬಂಡೆ ಸಂದಿಗಳಿಗೆ ಕಲ್ಲು ಎಸೆಯಬೇಡಿ, ಬೆಟ್ಟದ ಮೇಲೆ ಪಟಾಕಿ ಬೇಡ. ತಪ್ಪಲಿನ ಬಯಲಲ್ಲಿ ಟಿಟ್ಟಿಭ ಹಕ್ಕಿ ಬರೀ ನೆಲದ ಮೇಲೆ, ಕಲ್ಲುಹರಳುಗಳ ನಡುವೆ ಮೊಟ್ಟೆ ಇಡುತ್ತದೆ. ಅದು ಅರಚುತ್ತಾ ತಲೆ ಮೇಲೆ ಸುತ್ತಿದರೆ ಸ್ವಲ್ಪ ನಿಂತು, ನೆಲ ನೋಡಿ ಹೆಜ್ಜೆ ಇಡಿ. ಗಂಗಾಧರೇಶ್ವರ ತಮಗೆಲ್ಲ ಒಳ್ಳೆಯದು ಮಾಡಲಿ.