ಹಂಚಿದುದೇ ಉಳಿವುದು

ಹೊಸಕೋಟೆಯ ಬಳಿ ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ದುಡಿಯುವ ಗೃಹಸ್ಥನೊಬ್ಬನ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟಿತೆಂದು ಭಾವಿಸಿರಿ. ವರ್ಷಗಳ ಲೆಕ್ಕಪತ್ರ, ಗತಿಸಿದ ತಾಯಿಯ ಭಾವಚಿತ್ರ ಅದರೊಳಗಿವೆ. ಕಳವಳದಿಂದ ಮತ್ತೆ ಮತ್ತೆ ಚಾಲೂ ಮಾಡಿದರೆ, ಕೆಟ್ಟ ಹೆಡ್ ತಿರುಗುವ ತಟ್ಟೆಯನ್ನು ಕೆರೆದು, ಉಳಿದುದನ್ನೂ ಅಳಿಸೀತು. ಒಡನೆ ನಿಲ್ಲಿಸಿ ನಿಪುಣರಿಗೊಪ್ಪಿಸಿದರೆ, ತಟ್ಟೆಯ ಕಾಂತೀಯ ಗುರುತುಗಳಿಂದ ಬಹುಭಾಗ ಮರಳಿ ದೊರೆಯಬಹುದು. ಕೆರೆದುಹೋದುದನ್ನು ಮಾತ್ರ ಯಾರೂ ಮರಳಿಸಲಾರರು.

ವಚನಗಳು ಉಳಿದುದು ಹೇಗೆ? ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ಓಲೆಗರಿಯ ಪ್ರತಿಗಳು ಹಲವಿದ್ದುದರಿಂದಲ್ಲವೇ? ಅವನ್ನು ಅರಸಿ ಕೂಡಿಸಿದ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು.

ಒಂದೆಡೆ ಬಚ್ಚಿಟ್ಟುದು ಅಳಿಯುವುದು. ಹಲವೆಡೆ ಹಂಚಿದುದು ಉಳಿಯುವುದು. ಆದುದರಿಂದ ಕಾಯಕದ ಫಲವನ್ನು ಇಂದೇ ಇನ್ನೊಂದೆಡೆ ಪ್ರತಿಮಾಡಿಡಿರಿ. ಅರಿವನ್ನು ದಾಸೋಹವಾಗಿ ಹಂಚಿರಿ.