ಕೈಬಿಟ್ಟ ವಸ್ತು ಯಾರದು?

ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿ ಒಡೆದು ಕೈಗೊಡಲಿ ಮಾಡಿಕೊಳ್ಳುತ್ತಿದ್ದರು. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಗೆದು ನೋಡಿದ ಆ ಜಾಗಕ್ಕೆ ಸುಮಾರು 12 ಲಕ್ಷ ವರ್ಷ ವಯಸ್ಸು. ಚಕ್ಕೆಗಳನ್ನು ಅವರು ಬಿದ್ದಲ್ಲೇ ಬಿಟ್ಟು ಹೋದರು. ಅದನ್ನು ನಾವು ಕಸ ಎನ್ನುವುದಿಲ್ಲ. ಹಾಗಾದರೆ ಮಂಗಳನ ಸುತ್ತ ನಾವು ಬಿಟ್ಟಿರುವುದು ಏನು?

2013ರ ನವೆಂಬರ್ 5ರಂದು ಹೊರಟ ಮಂಗಳಯಾನದ ತೂಕ ಸುಮಾರು 1337 ಕೆಜಿ. ಅದರಲ್ಲಿ ಸುಮಾರು 852 ಕೆಜಿ ಇಂಧನವೇ. ಅಧ್ಯಯನದ ಉಪಕರಣಗಳದ್ದು ಬರೀ 15 ಕೆಜಿ. ಪಿಎಸ್‌ಎಲ್‌ವಿಗೆ ನೇರ ಮಂಗಳಕ್ಕೆ ಎಸೆಯುವ ಬಲವಿರಲಿಲ್ಲ. ಹಾಗಾಗಿ ನೌಕೆ ಭೂಮಿಯನ್ನೇ ಸುತ್ತುತ್ತ, ಎಂಜಿನ್ ಉರಿಸಿ ಕಕ್ಷೆಯನ್ನು ಹಿಗ್ಗಿಸಿಕೊಳ್ಳುತ್ತ ಹೋಗಿ ಡಿಸೆಂಬರ್ 1ರಂದು ಭೂಮಿಯ ಹಿಡಿತ ಬಿಟ್ಟಿತು. ಜೋಳದ ಹೊಲ ಕಾಯುವವರು ಕವಣೆ ತಿರುಗಿಸಿ ಕಲ್ಲು ಬಿಟ್ಟ ಹಾಗೆ. (ಹೋಲಿಕೆ ಪೂರ್ತಿ ಸರಿಯಲ್ಲ, ಕವಣೆಗೆ ಇಂಧನದ ಚಿಂತೆಯಿಲ್ಲ.)

ಪಥ ರೂಪಿಸುವುದೆಂದರೆ ಇಂಧನವನ್ನು ಹಂಚುವುದು. ಆರು ತಿಂಗಳಿಗೆಂದು ಕಟ್ಟಿದ ನೌಕೆಗೆ 2017ರಲ್ಲಿ ಮಂಗಳನ ದೀರ್ಘ ನೆರಳು ಎದುರಾಗಲಿತ್ತು. ಅಷ್ಟು ಹೊತ್ತಿನ ಕತ್ತಲೆಯನ್ನು ಬ್ಯಾಟರಿ ತಾಳುತ್ತಿರಲಿಲ್ಲ. ಜನವರಿಯಲ್ಲೇ ಇಂಧನ ಸುಟ್ಟು ಕಕ್ಷೆ ಬದಲಿಸಿದರು. 2022ರ ಏಪ್ರಿಲ್‌ನ ನೆರಳಿನಲ್ಲಿ ಸಂಪರ್ಕ ಕಡಿದುಹೋಯಿತು. ಹೀಗೆ ಉಳಿದ ಇಂಧನವನ್ನು ಆಯುಷ್ಯಕ್ಕೆ ಖರ್ಚು ಮಾಡಿದ್ದು ನನಗೆ ಸರಿಯೆನಿಸುತ್ತದೆ. ಆದರೆ ಕೊನೆಗೆ ನೌಕೆಯನ್ನು ಎಲ್ಲಿಗಾದರೂ ಸೇರಿಸಲು ಏನೂ ಉಳಿಯುವುದಿಲ್ಲ.

ಇನ್ನು ಚಿಕ್ಕವುಗಳ ಕಥೆ. 2018ರಲ್ಲಿ ನಾಸಾದ ಮಾರ್ಕೋ ಜೋಡಿ, ಒಂದೊಂದೂ ಸೂಟ್‌ಕೇಸಿನಷ್ಟು, ಮಂಗಳನ ಪಕ್ಕ ಹಾದುಹೋಗುತ್ತ ಇನ್‌ಸೈಟ್ ಇಳಿಯುವ ಸುದ್ದಿಯನ್ನು ಭೂಮಿಗೆ ದಾಟಿಸಿದವು. ಕೆಲವೇ ವಾರಗಳಲ್ಲಿ ಮೌನವಾದವು. ಈಗ ಸೂರ್ಯನನ್ನು ಸುತ್ತುತ್ತಿವೆ. ಕಳಿಸುವುದು ಅಗ್ಗವಾದಷ್ಟೂ ಕೈಬಿಡುವುದೂ ಸಲೀಸಾಗುತ್ತದೆ.

ಅಷ್ಟು ದೊಡ್ಡ ಬಯಲಿನಲ್ಲಿ ಯಾರಿಗೆ ತೊಂದರೆ ಎಂದು ಕೇಳಬಹುದು. ಸೂರ್ಯನ ಸುತ್ತಲಿನ ಮಟ್ಟಿಗೆ ಆ ವಾದವನ್ನು ಒಪ್ಪುತ್ತೇನೆ. ಮಂಗಳದ ಮಾತು ಬೇರೆ. ನಮ್ಮ ಸೂಕ್ಷ್ಮಜೀವಿ ಹೊತ್ತ ನೌಕೆ ಅಲ್ಲಿ ಬಿದ್ದರೆ, ಮುಂದೆ ಅಲ್ಲಿ ಜೀವ ಸಿಕ್ಕಾಗ ಅದು ಅಲ್ಲಿಯದೋ ನಮ್ಮದೋ ಎಂಬ ಅನುಮಾನ ಉಳಿಯುತ್ತದೆ. ಇಸಾಂಪುರದ ಚಕ್ಕೆಗಳು ಮಾತಾಡಿದ್ದು ಯಾರೂ ಅವನ್ನು ಕಲೆಸದೆ ಇದ್ದದ್ದರಿಂದ. ಅದಕ್ಕೇ ಒಂದು ಅಂತರರಾಷ್ಟ್ರೀಯ ನಿಯಮವಿದೆ: ಕಟ್ಟುನಿಟ್ಟಾಗಿ ಶುದ್ಧಿ ಮಾಡದ ನೌಕೆ 50 ವರ್ಷ ಮಂಗಳಕ್ಕೆ ಬೀಳದಿರುವ ಸಂಭವ ಶೇ 95ರಷ್ಟಾದರೂ ಇರಬೇಕು. 51ನೆಯ ವರ್ಷದ ಲೆಕ್ಕವನ್ನು ಅದು ಕೇಳುವುದಿಲ್ಲ.